ಶಾಂತಾನ ಕಾರಿನ ಎಡಬಾಗಿಲು

ಮೊನ್ನೆ ಬೆಳಿಗ್ಗೆ ಚಹಾದ ಹೊತ್ತಿಗೆ ಮಗನ ಮೊಬೈಲು ಟಿಣ್ ಎಂದಿತು. ಅವನು ಕನ್ನಡಕ ಏರಿಸಿ ಓದಿದ, ಓದಿ ಅದನ್ನು ಬೋರಲು ಹಾಕಿಟ್ಟ. ನನ್ನ ವಯಸ್ಸಿನ ಹೆಂಗಸಿಗೆ ಬೋರಲು ಹಾಕಿಟ್ಟ ವಸ್ತುವಿನ ಮೇಲೆಯೇ ಕಣ್ಣು. ಏನದು ಅಂತ ಕೇಳಿದೆ.

"ಏನಿಲ್ಲವಾ, ಕಾರಿನ ಕಂಪನಿಯವ್ರು. ಹಿಂದಿನ ಸೀಟಿನ ಬೆಲ್ಟಿನ ಕೊಂಡಿ ಸರಿ ಇಲ್ಲಂತ. ಈ ನಮೂನಿ ಗಾಡಿ ಎಲ್ಲಾ ವಾಪಸ್ ಕರಿಯಾಕತ್ತಾರ. ಪುಕ್ಕಟೆ ಬದ್ಲಿ ಮಾಡಿ ಕೊಡ್ತಾರಂತ."

"ಮತ್ತ ಯಾವಾಗ ಒಯ್ತಿ?"

"ಹೋದ್ರಾತು ಬಿಡು."

ನೀವು ಕೇಳಬಹುದು, ಇಷ್ಟು ಸಣ್ಣ ಮಾತಿಗೆ ಈ ಮುದುಕಿಯ ಕೈಯ ಬಸಿಯಲ್ಲಿದ್ದ ಚಹಾ ಯಾಕೆ ಸೆರಗಿನ ಮೇಲೆ ಚೆಲ್ಲಿತು ಅಂತ. ಹೇಳುತ್ತೇನೆ. ಹೇಳಬೇಕಾದರೆ ನನ್ನ ತಂಗಿ ಶಾಂತಾಳಿಂದ ಶುರು ಮಾಡಬೇಕು. ನನ್ನ ಬದುಕಿನಲ್ಲಿ ಹೊಟ್ಟೆಕಿಚ್ಚಿನ ಮಾತು ಬಂದಾಗಲೆಲ್ಲ ಅವಳಿಂದಲೇ ಶುರು ಮಾಡಬೇಕಾಗುತ್ತದೆ.

ನಮ್ಮ ತವರು ನಾಲತವಾಡ. ಶಾಂತಾ ನನ್ನ ಬೆನ್ನಿಗೆ ಬಿದ್ದವಳು. ಮನೆಗೆ ಬಂದ ನೆಂಟರು ಮೊದಲು ಅವಳ ಗಲ್ಲ ಹಿಂಡಿ, ಆಮೇಲೆ ನನ್ನ ಕಡೆ ತಿರುಗಿ "ಈಕಿ ಯಾರು?" ಅಂತ ಕೇಳುತ್ತಿದ್ದರು. ಅವಳ ಜಡೆ ಮೊಣಕಾಲಿಗೆ ಬಡಿಯುತ್ತಿತ್ತು. ನನ್ನದು ಹೆಗಲು ದಾಟಲು ಹೆದರುತ್ತಿತ್ತು. ಪಂಚಮಿಯ ಜೋಕಾಲಿ ಅವಳು ಕೂತರೆ ಬೇವಿನ ತುದಿ ಮುಟ್ಟುತ್ತಿತ್ತು, ನಾನು ಕೂತರೆ ಹಗ್ಗ ಹರಿಯುತ್ತಿತ್ತು. ಹೀಗೆ ಹೇಳಿದರೆ ನಾನು ಅವಳನ್ನು ದ್ವೇಷಿಸುತ್ತಿದ್ದೆ ಅಂದುಕೊಳ್ಳಬೇಡಿ. ಅವಳಿಗೆ ಜ್ವರ ಬಂದರೆ ನನಗೆ ಊಟ ಸೇರುತ್ತಿರಲಿಲ್ಲ. ಆದರೆ ಜ್ವರ ಬಿಟ್ಟ ಮರುದಿನ ಅವಳಿಗೊಬ್ಬಳಿಗೇ ಅವ್ವ ಹಾಲಿನಲ್ಲಿ ಕಲಸಿದ ಅನ್ನ ಕೊಟ್ಟರೆ ಅದೂ ಸೇರುತ್ತಿರಲಿಲ್ಲ.

ನನ್ನನ್ನು ಮುದ್ದೇಬಿಹಾಳದ ಹೈಸ್ಕೂಲ್ ಮಾಸ್ತರರಿಗೆ ಕೊಟ್ಟರು. ನಮ್ಮವರ ಹತ್ತಿರ ಒಂದು ಸೈಕಲ್ ಇತ್ತು, ಅದಕ್ಕೊಂದು ಅಗಲವಾದ ಕ್ಯಾರಿಯರ್. ಅದರ ಮೇಲೆ ದುಪ್ಪಟಿ ಮಡಚಿ ಹಾಕಿ, ನನ್ನನ್ನು ಕೂಡಿಸಿಕೊಂಡು ಸಂತೆಗೆ ಹೊರಟರೆ ನಾನು ಯಾವ ರಾಣಿಗೂ ಕಡಿಮೆ ಇರಲಿಲ್ಲ. ಶಾಂತಾಳನ್ನು ಸಿಂದಗಿಗೆ ಕೊಟ್ಟರು. ಗಂಡ ಗುರುಪಾದಪ್ಪನದು ರೈತರ ಶೇಂಗಾ, ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿ. ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಅಷ್ಟಕ್ಕೆ ನಾನೇನೂ ಮನಸ್ಸು ಕೆಡಿಸಿಕೊಂಡಿರಲಿಲ್ಲ. ಹತ್ತಿಯ ಮೂಟೆ ಯಾರ ಕಣ್ಣಿಗೂ ಕುಕ್ಕುವುದಿಲ್ಲ. ಕಾರು ಕುಕ್ಕುತ್ತದೆ.

ಎಪ್ಪತ್ತರ ದಶಕ ಇನ್ನೂ ಅರ್ಧ ಮುಗಿದಿರಲಿಲ್ಲ. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ದಾರಿ ಕಾಯುತ್ತಿದ್ದ ಕಾಲ. ಒಂದು ಮಧ್ಯಾಹ್ನ ನಮ್ಮ ಓಣಿಯಲ್ಲಿ ಎಮ್ಮೆ ಗಂಟಲು ಕಟ್ಟಿ ಕೂಗಿದಂತಹ ಸದ್ದಾಯಿತು. ಹೊರಗೆ ಬಂದು ನೋಡಿದರೆ ಮಂಕು ಹಸಿರು ಬಣ್ಣದ, ಗುಂಡು ಬೆನ್ನಿನ ಹಳೇ ಕಾರು. ಒಳಗಿನಿಂದ ಶಾಂತಾ ಇಳಿದಳು. ಇಳಿದಳು ಅನ್ನುವುದು ತಪ್ಪು, ಅವತರಿಸಿದಳು. ಆ ಕಾರಿನ ಹಿಂದಿನ ಬಾಗಿಲುಗಳು ಈಗಿನ ಹಾಗಲ್ಲ. ಅವುಗಳ ತಿರುಗಣಿ ಹಿಂದಿತ್ತು, ಹಿಡಿ ಮುಂದಿತ್ತು. ಕಪಾಟು ತೆರೆದಂತೆ ಮುಂದಿನಿಂದ ಹಿಂದಕ್ಕೆ ತೆರೆದುಕೊಳ್ಳುತ್ತಿದ್ದವು. ಕಪಾಟಿನೊಳಗೆ ರೇಷ್ಮೆ ಸೀರೆ ಉಟ್ಟ ನನ್ನ ತಂಗಿ.

"ಸೊಲ್ಲಾಪುರದಾಗ ಸಿಕ್ತ ಅಕ್ಕಾ. ಹಳೇದ ಐತಿ, ಆದ್ರ ಮಾಲಕ ಭಾಳ ಜ್ವಾಕಿಲೆ ಇಟ್ಟಿದ್ನಂತ. ಬಾ, ಒಂದ ಸುತ್ತ ಹೋಗಿ ಬರೂಣು."

"ನನಗ ಪೆಟ್ರೋಲ್ ವಾಸನಿ ಆಗೂದಿಲ್ಲ," ಅಂದೆ.

ಪೆಟ್ರೋಲ್ ವಾಸನೆ ನನಗೆ ಆಗುತ್ತದೋ ಇಲ್ಲವೋ ಆ ದಿನದ ತನಕ ನನಗೇ ಗೊತ್ತಿರಲಿಲ್ಲ. ಒಮ್ಮೆ ಆಡಿದ ಮಾತು ಉಳಿಸಿಕೊಳ್ಳಬೇಕಲ್ಲ? ಅವತ್ತಿನಿಂದ ಆ ಕಾರು ಓಣಿಗೆ ಬಂದಾಗಲೆಲ್ಲ ನಾನು ಮೂಗಿಗೆ ಸೆರಗು ಹಚ್ಚುತ್ತಿದ್ದೆ. ನಮ್ಮವರು ಮಾತ್ರ ಅದರ ಸುತ್ತ ಮದುಮಗಳ ಸುತ್ತ ತಿರುಗಿದಂತೆ ತಿರುಗಿದರು. ಸೈಕಲ್ಲನ್ನು ಗೋಡೆಗೆ ಆನಿಸಿ ಮರೆತೇಬಿಟ್ಟರು. ಅದು ನನಗೆ ಇನ್ನಷ್ಟು ಚುಚ್ಚಿತು.

ಇನ್ನು ಕಾರಿನ ರೋಗಗಳ ಸಂಗತಿ. ಮೊದಲ ರೋಗ ಬೇಸಿಗೆಯಲ್ಲಿ ಗೊತ್ತಾಯಿತು. ತಾಳಿಕೋಟಿ ಹಾದಿಯಲ್ಲಿ, ಬಿಸಿಲಿನಲ್ಲಿ, ಅದು ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಇಂಜಿನ್ನಿನ ಬಾಜು ಇದ್ದ ಪೆಟ್ರೋಲ್ ಪಂಪಿನ ಮೇಲೆ ಹಸಿ ಬಟ್ಟೆ ಹಾಕಿ, ಜ್ವರದ ಕೂಸಿಗೆ ಮಾಡಿದಂತೆ ಉಪಚಾರ ಮಾಡಿ, ಬೇವಿನ ನೆರಳಿನಲ್ಲಿ ಕಾಯ್ದರೆ ಮತ್ತೆ ಹೊರಡುತ್ತಿತ್ತು. ಆ ಬಟ್ಟೆಗೆ ಶಾಂತಾ ತನ್ನ ಹಳೇ ಇಲಕಲ್ ಸೀರೆಯ ತುಂಡನ್ನೇ ಕಾರಿನಲ್ಲಿ ಇಟ್ಟಿದ್ದಳು. ಎರಡನೆಯದು, ಸ್ಟೇರಿಂಗಿನ ಬಗಲಿಗಿದ್ದ ಗೇರಿನ ಹಿಡಿಕೆ ನಡುವೆಯೇ ಸಿಕ್ಕಿಕೊಳ್ಳುತ್ತಿತ್ತು. ಗುರುಪಾದಪ್ಪ ಇಳಿದು, ಮುಂದಿನ ಮುಚ್ಚಳ ಎತ್ತಿ, ಎಲ್ಲೋ ಒಂದು ಸಲಾಕೆ ಜಗ್ಗಿ ಬರಬೇಕು. ಹಾರ್ನು ಒಮ್ಮೊಮ್ಮೆ ಒತ್ತಿದರೂ ಕೂಗುತ್ತಿರಲಿಲ್ಲ, ಒಮ್ಮೊಮ್ಮೆ ಒತ್ತದೆಯೂ ಕೂಗುತ್ತಿತ್ತು. ಒಂದು ಸಾವಿನ ಮನೆಯ ಮುಂದೆ ಕೂಗಿದ್ದು ಸಿಂದಗಿಯಲ್ಲೆಲ್ಲ ಸುದ್ದಿಯಾಗಿತ್ತು. ಕೆಳಗಿನ ತಗಡಿಗೆ ತೂತು ಬಿದ್ದು, ಕಾಲ ಬುಡದಲ್ಲೇ ರಸ್ತೆ ಓಡುವುದು ಕಾಣುತ್ತಿತ್ತು.

ಇದೆಲ್ಲ ನನಗೆ ಹೇಗೆ ಗೊತ್ತು? ಸಿಂದಗಿ ಬಸ್ಸಿನಲ್ಲಿ ಬಂದವರನ್ನು ಹಿಡಿದು ಹಿಡಿದು ಕೇಳುತ್ತಿದ್ದೆ. "ನಮ್ಮ ಶಾಂತಾನ ಕಾರ್ ಹೆಂಗೈತ್ರಿ?" ಕೇಳಿದವರಿಗೆ ಅದು ಅಕ್ಕರೆಯಾಗಿ ಕಾಣುತ್ತಿತ್ತು. ಕಾರು ಕೆಟ್ಟು ನಿಂತಿದೆ ಅಂದರೆ "ಅಯ್ಯ ಪಾಪ" ಅಂತ ಹೇಳಿ ಒಳಗೆ ಬಂದು ಒಂದು ಲೋಟ ಚಹಾ ಹೆಚ್ಚಿಗೆ ಕುಡಿಯುತ್ತಿದ್ದೆ. ಆ ಕಾರಿನ ಮಾಲಕನಿಗೂ ಅದರ ರೋಗ ನನ್ನಷ್ಟು ಚೆನ್ನಾಗಿ ಗೊತ್ತಿರಲಿಲ್ಲ.

ಹೀಗಿರುವಾಗ ಬಸವನ ಬಾಗೇವಾಡಿಯಲ್ಲಿ ನಮ್ಮ ಸೋದರಮಾವನ ಮಗನ ಮದುವೆ ಬಂತು. ಹಂದರದ ಬಾಜು ಬೇವಿನ ಗಿಡದ ಕೆಳಗೆ ಒಂದೇ ನಮೂನೆಯ ಮೂರು ಕಾರು ನಿಂತಿದ್ದವು. ಒಂದು ನಮ್ಮ ಗುರುಪಾದಪ್ಪನದು, ಇನ್ನೊಂದು ಇಂಡಿ ಊರಿನ ಡಾಕ್ಟರರದು, ಮೂರನೆಯದು ಬಾಗೇವಾಡಿಯ ಗೌಡರೊಬ್ಬರದು. ಊಟ ಮುಗಿಸಿದ ಮೂವರು ಮಾಲಕರು ಗಿಡದ ಕೆಳಗೆ ಎಲೆ ಅಡಿಕೆ ಮೆಲ್ಲುತ್ತ ನಿಂತಿದ್ದರು. ಸೊಸೆಯಂದಿರು ಕೂಡಿದಾಗ ಅತ್ತೆಯರ ಸುದ್ದಿ ತೆಗೆಯುತ್ತಾರಲ್ಲ, ಹಾಗಿತ್ತು ಅವರ ಮಾತು. ನಾನು ಅಡಿಕೆಯ ತಟ್ಟೆ ಹಿಡಿದುಕೊಂಡು, ಯಾರೂ ಕರೆಯದಿದ್ದರೂ, ಆ ಕಡೆ ಹೋದೆ.

"ನಂದೂ ಬಿಸಲಾಗ ನಿಂದರ್ತೈತ್ರಿ," ಅಂದರು ಡಾಕ್ಟರು.

"ಎಲ್ಲಾರದೂ ನಿಂದರ್ತೈತಿ ಬಿಡ್ರಿ," ಅಂದರು ಗೌಡರು. "ನಂದರ ಎಡಕಿನ ಹಿಂದಿನ ಬಾಗ್ಲಾ ತಾನ ತಗೀತೈತಿ. ಮೊನ್ನೆ ಬಲಕ್ಕ ಹೊಳ್ಳಿಸಿದೆ, ಬುತ್ತಿ ಗಂಟ ಹಾರಿ ಕಬ್ಬಿನ ಹೊಲದಾಗ ಬಿತ್ತು. ನಾವು ಉಪಾಸ!"

ಮೂವರೂ ನಕ್ಕರು. ಗುರುಪಾದಪ್ಪ ಹೇಳಿದ, "ನಮ್ಮದೂ ಹಂಗ ಮಾಡ್ತೈತ್ರಿ. ಎಡಕಿಂದ."

ಡಾಕ್ಟರು ನಗು ನಿಲ್ಲಿಸಿ ಏನೋ ಹೇಳಲು ಹೊರಟರು. ಅಷ್ಟರಲ್ಲಿ ವಾದ್ಯದವರು ಹೊಡೆದ ಗದ್ದಲದಲ್ಲಿ ಆ ಮಾತು ಮುಳುಗಿತು. ತಟ್ಟೆ ಹಿಡಿದ ನಾನು ಅಲ್ಲೇ ನಿಂತೆ. ನನ್ನೊಳಗೆ ಎರಡು ಹೆಂಗಸರು ಎದ್ದು ಕೂತಿದ್ದರು. ಒಬ್ಬಳು, ಸಿಕ್ಕಿತು ಇನ್ನೊಂದು ರೋಗ, ಅಂತ ಹಿಗ್ಗುತ್ತಿದ್ದಳು. ಇನ್ನೊಬ್ಬಳಿಗೆ ಆ ಎಡಬಾಗಿಲ ಬಗಲಿಗೆ ಯಾವಾಗಲೂ ಯಾರು ಕೂಡುತ್ತಾರೆ ಅನ್ನುವುದು ನೆನಪಾಗಿತ್ತು. ಗಾಳಿಗೆ ಎದುರು ತೆರೆಯುವ ಬಾಗಿಲು ಅದು. ಓಡುವಾಗ ಒಂದು ಬೆರಳು ಸಂದು ಬಿಟ್ಟರೆ ಸಾಕು, ಗಾಳಿ ಅದನ್ನು ಪೂರ್ತಿ ಕಿತ್ತು ತೆರೆಯುತ್ತದೆ. ಶಾಂತಾ ಅಲ್ಲೇ ಕೂಡುತ್ತಿದ್ದಳು, ತೊಡೆಯ ಮೇಲೆ ಮಗಳು ಮಂಜುಳಾ.

ಸಂಜೆ ಶಾಂತಾಳನ್ನು ಕರೆದು ಹೇಳಿದೆ. "ಆ ಬಾಗ್ಲಾ ಛಲೋ ಇಲ್ಲವಾ. ಎರಡೂ ಗಾಡೀದು ಒಂದ ರೋಗ ಅಂದ್ರ ಅದು ಗಾಡಿ ಮಾಡಿದವ್ರ ತಪ್ಪು, ಬಾಗ್ಲಾ ಹಾಕಿದವ್ರದಲ್ಲ. ರಿಪೇರಿ ಮಾಡಸೂ ತನಕ ಅದರಾಗ ಕೂಡಬ್ಯಾಡ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಮೆತ್ತಗೆ, ಅದಕ್ಕೇ ಹೆಚ್ಚು ನೋವಾಗುವ ಹಾಗೆ, ಹೇಳಿದಳು. "ಅಕ್ಕಾ, ನಿನಗ ಈ ಕಾರ್ ಕಂಡ್ರ ಆಗೂದಿಲ್ಲ. ನನಗ ಗೊತ್ತೈತಿ ಬಿಡು."

ನಮ್ಮವರಿಗೆ ಹೇಳಿದೆ. ಅವರು ಅತ್ತಿತ್ತ ನೋಡಿ, "ನೀ ಆ ಸುದ್ದಿಗೆ ಹೋಗಬ್ಯಾಡ. ಮಂದಿ ಹೊಟ್ಟಿಕಿಚ್ಚ ಅಂತಾರ," ಅಂದರು.

"ನನಗ ಹೊಟ್ಟಿಕಿಚ್ಚ ಐತಿ ಅಂತ ಆ ಬಾಗ್ಲಾ ಗಟ್ಟಿ ಆಗ್ತೈತೇನ್ರಿ?"

ಮಾಸ್ತರರು ಚಪ್ಪಲಿ ಮೆಟ್ಟಿ ಹಂದರದ ಕಡೆ ಹೊರಟರು. ಗುರುಪಾದಪ್ಪನಿಗೆ ಅವರು ಹೇಳಲೂ ಇಲ್ಲ. ನಿಜ ಹೇಳುವುದಕ್ಕೂ ಒಂದು ಮುಖ ಬೇಕಾಗುತ್ತದೆ. ನನ್ನ ಮುಖಕ್ಕೆ ಆಗಲೇ ಬೇರೆ ಬಣ್ಣ ಬಿದ್ದಿತ್ತು.

ಮಳೆಗಾಲ ಮುಗಿದ ಮೇಲೆ ಒಂದು ಸೋಮವಾರ ಅವರು ತಂಗಡಗಿಗೆ ಹೋಗಿ ಹೊಳೆ ನೋಡಿ, ಗುಡಿಗೆ ಕಾಯಿ ಒಡೆಸಿಕೊಂಡು, ಬರುವಾಗ ನಮ್ಮಲ್ಲಿ ಊಟಕ್ಕೆ ನಿಂತರು. ಊಟ ಆಯಿತು. ಹೊರಡುವ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಬಂದು ನಿಂತರು, ಕಾರು ನೋಡುವುದಕ್ಕೆ. ಶಾಂತಾ ಎಂದಿನಂತೆ ಎಡಕ್ಕೆ ಕೂತು ಮಂಜುಳಾಗೆ ಕೈ ಚಾಚಿದಳು. ಕೂಸು ನನ್ನ ಕಂಕುಳಲ್ಲಿತ್ತು. ನಾನು ಕೊಡಲಿಲ್ಲ.

"ಕೂಸ ಮುಂದ ಅಪ್ಪನ ಬಾಜೂಕ ಕೂಡ್ಲಿ."

"ಅಕ್ಕಾ, ಮತ್ತ ಸುರು ಮಾಡಬ್ಯಾಡ."

"ಅಲ್ಲಿ ಕೂಡಿಸಿದ್ರ ಕೊಡ್ತೇನಿ. ಇಲ್ಲಾಂದ್ರ ಕೂಸು ನನ್ನ ಮನ್ಯಾಗ ಇರ್ತೈತಿ."

ಓಣಿಯ ಎದುರಿಗೆ ಜಗಳ ಬೇಡ ಅಂತ ಗುರುಪಾದಪ್ಪ ನಕ್ಕು, "ಆತ್ರಿ ಅಕ್ಕಾರ, ನೀವು ಹೇಳಿದಂಗ," ಅಂತ ಮಂಜುಳಾಳನ್ನು ಮುಂದಿನ ಸೀಟಿನಲ್ಲಿ ತನಗೆ ಅಂಟಿಸಿ ಕೂಡಿಸಿಕೊಂಡ. ಶಾಂತಾ ಮುಖ ಗಂಟು ಹಾಕಿದಳು. ಕಾರು ಹೊರಟಿತು. ಓಣಿಯ ತುದಿಯಲ್ಲಿ ಬಲಕ್ಕೆ ಹೊರಳುವಾಗ ಅವಳ ಸಿಟ್ಟು ಇಳಿದಿರಬೇಕು. ಕಿಟಕಿಯಿಂದ ತಿರುಗಿ ನೋಡಿ ನನಗೆ ಕೈ ಬೀಸಿದಳು. ಹೇಗೆ ಬೀಸಿದಳೆಂದರೆ ಬಳೆ ನಮ್ಮ ಮನೆಯ ತನಕ ಕೇಳಿಸಬೇಕು, ಹಾಗೆ. ನೋಡು ಶೋಕಿ, ಅಂತ ನಾನು ಮನಸ್ಸಿನಲ್ಲಿ ಅನ್ನುವುದಕ್ಕೂ ಆ ಬಾಗಿಲು ಪಕ್ಷಿಯ ರೆಕ್ಕೆಯಂತೆ ಬಿಚ್ಚಿಕೊಳ್ಳುವುದಕ್ಕೂ ಸರಿಹೋಯಿತು. ನನ್ನ ತಂಗಿ ಬಾಗಿಲ ಜೊತೆಗೇ ಹೊರಗೆ ಬಂದಳು.

ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ಶಾಂತಾ ಗಟಾರದ ಕಲ್ಲಿನ ಬಳಿ ಬಿದ್ದಿದ್ದಳು. ಎಡಗೈ ಮೊಣಕೈಯಲ್ಲಿ ಮಡಚಬಾರದ ಕಡೆ ಮಡಚಿತ್ತು. ಕಣ್ಣು ತೆರೆದಿತ್ತು. "ಕೂಸು?" ಅಂದಳು. "ಆರಾಮ ಐತಿ," ಅಂದೆ. ಆಮೇಲೆ ಅವಳು ಅಳತೊಡಗಿದಳು.

ದವಾಖಾನೆಗೆ ಒಯ್ಯಬೇಕು. ಓಣಿಯಲ್ಲಿ ಇದ್ದ ಗಾಡಿ ಅದೊಂದೇ. ಹೀಗೆ ನಾನು ಆ ಕಾರಿನಲ್ಲಿ ಮೊದಲ ಸಲ ಕೂತೆ. ಒಂದು ಕೈಯಲ್ಲಿ ಶಾಂತಾಳನ್ನು ಎದೆಗೆ ಅವಚಿಕೊಂಡು, ಇನ್ನೊಂದು ಕೈಯಲ್ಲಿ ಆ ಬಾಗಿಲನ್ನು ಬೆರಳು ಬೆಳ್ಳಗಾಗುವಂತೆ ಜಗ್ಗಿ ಹಿಡಿದುಕೊಂಡು. ಮನುಷ್ಯರ ಮನಸ್ಸು ಎಂಥದು ನೋಡಿ, ಆ ಗಾಬರಿಯಲ್ಲೂ ಸೀಟು ಇಷ್ಟು ಮೆತ್ತಗಿದೆಯಲ್ಲ ಅಂತ ಒಂದು ಗಳಿಗೆ ಅನಿಸಿಹೋಯಿತು.

ಶಾಂತಾ ನನ್ನ ಕೈ ನೋಡಿದಳು, ಬಾಗಿಲು ಹಿಡಿದಿದ್ದ ಕೈ.

"ನಾನೂ ಹಿಂಗ ಹಿಡ್ಕೊಂಡ ಕೂಡ್ತಿದ್ದೆ ಅಕ್ಕಾ," ಅಂದಳು ನರಳುತ್ತ. "ಬಲಕ್ಕ ಹೊಳ್ಳಿದಾಗೆಲ್ಲಾ. ನನಗ ಮದಲಿಂದ ಗೊತ್ತಿತ್ತು. ನಿನ್ನ ಮುಂದ ಹೆಂಗ ಹೇಳ್ಲಿ? ಇವತ್ತ ನಿನಗ ಕೈ ಮಾಡಬೇಕಂತ ಬಿಟ್ಟೆ."

ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ನಮ್ಮಿಬ್ಬರ ನಡುವೆ ಈ ಹಾಳು ಬಾಗಿಲು ಮಾತ್ರ ಇರಲಿಲ್ಲ, ನಾಲತವಾಡದ ಜೋಕಾಲಿಯೂ ಇತ್ತು.

ಮುದ್ದೇಬಿಹಾಳದಲ್ಲಿ ಕಟ್ಟು ಹಾಕಿಸಿ, ವಿಜಾಪುರದ ದೊಡ್ಡ ದವಾಖಾನೆಯಲ್ಲಿ ಪ್ಲಾಸ್ಟರ್ ಮಾಡಿಸಿ, ಶಾಂತಾಳನ್ನು ನಮ್ಮಲ್ಲೇ ಇರಿಸಿಕೊಂಡೆವು. ಈಗ ಹೊಸ ಸಂಕಟ ಶುರುವಾಯಿತು. ಓಣಿಯೆಲ್ಲ ಅವಳನ್ನು ನೋಡಲು ಬರತೊಡಗಿತು. "ಎಷ್ಟ ಧೈರ್ಯಾರಿ ನಿಮ್ಮ ತಂಗೀಗೆ" ಅಂತ ನನಗೇ ಹೇಳಿ ಹೋಗುತ್ತಿದ್ದರು. ಮದುವೆಯಾದಾಗಿನಿಂದ ಒಲೆಯ ಕಡೆ ಹಣಿಕಿ ನೋಡದ ನಮ್ಮವರು, ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಅವಳಿಗೆ ಚಹಾ ಕಾಸಿ ಕೊಟ್ಟು, ಪೇಪರ್ ಓದಿ ಹೇಳುತ್ತಿದ್ದರು. "ಮಾಮಾನ ಚಾ ಭಾಳ ಛಲೋ ಇರ್ತೈತಿ ಅಕ್ಕಾ" ಅಂದಳು ಅವಳು. ನನಗೂ ಒಂದು ಕೈ ಮುರಿಯಬಾರದೆ ಅನಿಸಿತು.

ಆ ವಾರವೇ ಗುರುಪಾದಪ್ಪ ಬಂದು, ಕಾರು ಮಾರಿಬಿಡುತ್ತೇನೆ ಅಂದ. ಗಿರಾಕಿಯೂ ಸಿಕ್ಕಿದ್ದಾನೆ ಅಂದ.

"ಬಾಗಿಲದ ಸುದ್ದಿ ಹೇಳೀರೇನು ಅವಗ?" ಅಂತ ನಾನು ಕೇಳಿದೆ.

"ಹೇಳಿದ್ರ ಯಾರ ತೊಗೋತಾರ್ರಿ ಅಕ್ಕಾರ?"

"ಆ ಮನಷ್ಯಾಗೂ ಹೇಣ್ತಿ ಇರ್ತಾಳ. ಆಕೀಗೂ ಒಬ್ಬಾಕಿ ಅಕ್ಕ ಇರ್ತಾಳ."

ಮಲಗಿದಲ್ಲಿಂದಲೇ ಶಾಂತಾ ಹೇಳಿದಳು, "ಮಾರಬ್ಯಾಡ್ರಿ. ಮದಲ ಡಾಕ್ಟರಗ, ಗೌಡ್ರಿಗೆ ಹೇಳಿ ಬರ್ರಿ. ಡಾಕ್ಟರ ಮನ್ಯಾಗ ಸಣ್ಣ ಮಕ್ಕಳದಾವ. ಅಕ್ಕನ್ನ ಕರ್ಕೊಂಡ ಹೋಗ್ರಿ. ನೀವು ಒಬ್ರ ಹೋದ್ರ ನಕ್ಕೋತ ಹೇಳಿ ಬರ್ತೀರಿ."

ಬಡಿಗನನ್ನು ಕರೆಸಿ, ಮನೆಯ ಬಾಗಿಲಿಗೆ ಹಾಕುವಂಥ ಕಬ್ಬಿಣದ ಚಿಲಕವನ್ನು ಕಾರಿನ ಎರಡೂ ಹಿಂದಿನ ಬಾಗಿಲಿಗೆ ಒಳಗಿನಿಂದ ಬಿಗಿಸಿದೆವು. ನೋಡಲು ನಗೆ ಬರುವಂತಿತ್ತು. ಆದರೆ ಆನೆ ಜಗ್ಗಿದರೂ ತೆರೆಯುತ್ತಿರಲಿಲ್ಲ. ಆ ಕಾರಿನಲ್ಲಿ ನಾನು, ನಮ್ಮವರು, ಗುರುಪಾದಪ್ಪ ಹೊರಟೆವು.

ಬಾಗೇವಾಡಿಯ ಗೌಡರು ಕಟ್ಟೆಯ ಮೇಲೆ ಕೂತು ಕೇಳಿ ದೊಡ್ಡದಾಗಿ ನಕ್ಕರು. "ಹೆಣ್ಣಮಕ್ಕಳ ಅಂಜಿಕಿ ಇದು. ಜ್ವಾಕಿಲೆ ಹಾಕಿದ್ರ ಎಲ್ಲಿ ತಗೀತೈತ್ರಿ ಬಾಗ್ಲಾ?" ಅವರ ಹೆಂಡತಿ ನಡುಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನನ್ನನ್ನು ಒಳಗೆ ಕರೆದು, ನಿಮ್ಮ ತಂಗಿಯ ಕೈ ಎಲ್ಲಿ ಮುರಿಯಿತು, ಯಾವ ಕಡೆ ಕೂತಿದ್ದಳು, ಎಲ್ಲ ಕೇಳಿದರು. ಹೊರಗೆ ಗೌಡರ ನಗು ಮುಗಿಯುವ ಮೊದಲೇ ಅವರು ಆಳನ್ನು ಬಡಿಗನ ಮನೆಗೆ ಅಟ್ಟಿದ್ದರು.

ಇಂಡಿ ಊರಿನ ಡಾಕ್ಟರು ನಗಲಿಲ್ಲ. ಸುಮ್ಮನೆ ಹೊರಗೆ ಬಂದು ನಮ್ಮ ಚಿಲಕವನ್ನು ಹಾಕಿ ತೆಗೆದು ನೋಡಿದರು. "ಮದವಿ ದಿನಾ ಹೇಳಬೇಕಂತಿದ್ದೆ. ನಮ್ಮ ತಾಯಿ ಒಮ್ಮೆ ಬೀಳೋರು ಉಳದ್ರು. ನಾನ ಸರಿಯಾಗಿ ಹಾಕಿಲ್ಲ ಅಂತ ತಿಳ್ಕೊಂಡಿದ್ದೆ. ಬರೇ ನನ್ನ ತಪ್ಪಂತ ತಿಳ್ಕೊಂಡಿದ್ದೆ," ಅಂದರು. ಆ ಮಾತು ನನ್ನಲ್ಲಿ ಉಳಿದುಬಿಟ್ಟಿದೆ. ಮೂರು ಊರಿನ ಮೂರು ಮನೆಯವರು ಒಂದೇ ಬಾಗಿಲಿಗೆ ಬೇರೆ ಬೇರೆಯಾಗಿ ತಮ್ಮನ್ನೇ ಬೈದುಕೊಂಡಿದ್ದರು. ಸೊಲ್ಲಾಪುರದ ಕಡೆ ಇಂಥ ಗಾಡಿ ಇದ್ದವರಿಗೂ ತಾವೇ ತಿಳಿಸುವುದಾಗಿ ಹೇಳಿ ನಮ್ಮನ್ನು ಕಳಿಸಿದರು. ಅವರು ಕೊಟ್ಟ ಮಾತು ನಡೆಸಿದರು ಅಂತಲೂ ಆಮೇಲೆ ಕೇಳಿದೆ.

ತಿರುಗಿ ಬರುವಾಗ ನಾನು ಕಿಟಕಿಗೆ ಮೊಣಕೈ ಊರಿ ಕೂತಿದ್ದೆ. ಎರಡೂ ಕಡೆ ಜೋಳ ಎದೆಯೆತ್ತರ ನಿಂತಿತ್ತು. ಸಿಂದಗಿಯ ಪೇಟೆಯಲ್ಲಿ ಹೆಂಗಸರು ನನ್ನನ್ನೇ ಸಾಹುಕಾರ್ತಿ ಅಂದುಕೊಂಡು ನೋಡಿದರು. ನಾನೂ ಸ್ವಲ್ಪ ಹಾಗೆಯೇ ಕೂತೆ.

"ಹೆಂಗಿತ್ತ ಸವಾರಿ?" ಮನೆಗೆ ಬಂದೊಡನೆ ಶಾಂತಾ ಕೇಳಿದಳು.

"ಬರೇ ಧೂಳ."

"ಸುಳ್ಳ," ಅಂದಳು. ಇಬ್ಬರೂ ನಕ್ಕೆವು. ನಗುವಾಗ ಅವಳ ಕೈ ನೋಯುತ್ತಿತ್ತು. ಆದರೂ ನಕ್ಕಳು.

ಆ ಕಾರು ಮಾರಾಟವಾಗಲಿಲ್ಲ. ಕೆಲವು ವರ್ಷ ಓಡಿ, ಕೊನೆಗೆ ಅಡತಿ ಅಂಗಡಿಯ ಹಿತ್ತಲಲ್ಲಿ ನಿಂತಿತು, ಒಳಗೆ ಕೋಳಿ ಮೊಟ್ಟೆ ಇಟ್ಟವು. ಶಾಂತಾಳ ಎಡಗೈ ಮುಂದೆಂದೂ ಪೂರ್ತಿ ಚಾಚಲಿಲ್ಲ. ಆದರೂ ಅವಳು ಉಬ್ಬಿಸುತ್ತಿದ್ದಂಥ ರೊಟ್ಟಿ ನನಗೆ ಮಾಡಲು ಬರಲಿಲ್ಲ. ಅದಕ್ಕೂ ಹೊಟ್ಟೆಕಿಚ್ಚುಪಟ್ಟೆ. ಮಂಜುಳಾ ಓದಿ ದೊಡ್ಡ ಕೆಲಸ ಹಿಡಿದಾಗ ಪಟ್ಟೆ. ಹೋದ ವರ್ಷ ಶಾಂತಾ ನಿದ್ದೆಯಲ್ಲಿ, ಯಾರಿಗೂ ತೊಂದರೆ ಕೊಡದೆ ಹೋದಳು. ನೋಡಿ, ಹೋಗುವುದರಲ್ಲೂ ನನ್ನನ್ನು ಹಿಂದೆ ಹಾಕಿದಳು, ಅಂತ ಅಂದುಕೊಂಡು ಅವತ್ತು ಅತ್ತೆ.

ಮಗ ಈ ಹೊಸ ಕಾರು ತಂದಾಗ ಓಣಿಯೆಲ್ಲ ಬಂದು ನೋಡಿತು. ನನಗೆ ಹೆಮ್ಮೆಯಾಗಬೇಕಿತ್ತು. ಆದರೆ ಯಾರಿಗೆ ತೋರಿಸಿದರೆ ನನ್ನ ಜೀವ ತಂಪಾಗುತ್ತಿತ್ತೋ ಆಕೆ ಇರಲಿಲ್ಲ. ನನ್ನ ಮೇಲೆ ಅಷ್ಟು ನಿಗಾ ಇಟ್ಟು ನೋಡುವ ಕಣ್ಣು ಈಗ ಯಾವುದೂ ಇಲ್ಲ.

ಚಹಾ ಚೆಲ್ಲಿದ ಸೆರಗು ಕೊಡವಿ ಎದ್ದು, ಮಗನಿಗೆ ಹೇಳಿದೆ. "ಹೋದ್ರಾತು ಅನಬ್ಯಾಡ. ಇವತ್ತ ಒಯ್ಯಿ. ಒಯ್ಯೂ ತನಕ ಮಕ್ಕಳು ಅದರಾಗ ಕೂಡೂದಿಲ್ಲ." ನನ್ನ ದನಿ ಕೇಳಿ ಅವನು ಎದುರಾಡದೆ ಬೀಗದ ಕೈ ತೆಗೆದುಕೊಂಡ.

ಅವನು ಕಾರು ಹೊರಗೆ ತೆಗೆಯುವಾಗ ನಾನು ಕಟ್ಟೆಗೆ ಬಂದೆ. ಎದುರು ಮನೆಗೆ ಈ ವರ್ಷ ಬಾಡಿಗೆಗೆ ಬಂದ ಹುಡುಗಿ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. ತಂಬಿಗೆ ಕೈಯಲ್ಲಿ ಹಾಗೇ ನಿಂತಿತ್ತು, ಕಣ್ಣು ಕಾರಿನ ಮೇಲಿತ್ತು. ನಾನು ನೋಡಿದ್ದು ಕಂಡು ತಟ್ಟನೆ ಸೆರಗು ಮೂಗಿಗೆ ಹಚ್ಚಿಕೊಂಡಳು, ಹೊಗೆ ಆಗದವಳ ಹಾಗೆ.

ಆ ಸೆರಗು ನನಗೆ ಚೆನ್ನಾಗಿ ಗೊತ್ತು.

"ಬಾರವಾ ಇಲ್ಲಿ," ಅಂತ ಕರೆದೆ. "ಬಾ, ಚಾ ಕುಡದ ಹೋಗು. ಈ ಕಾರಿನಾಗ ಏನ ಕೆಟ್ಟೈತಿ, ನಿನಗೊಬ್ಬಾಕಿಗೆ ಹೇಳ್ತೇನಿ."

ಹುಡುಗಿ ತಂಬಿಗೆ ಅಲ್ಲೇ ಇಟ್ಟು, ಚಪ್ಪಲಿ ಸಹ ಮೆಟ್ಟದೆ ಓಣಿ ದಾಟಿ ಬಂದಳು.